ಗಡಿಭಾಗಕ್ಕೆ ಮರುಬಳಕೆ ಉದ್ಯಮ: ನಿವೇಶನಕ್ಕಿಂತ ಮೊದಲು ಸರಕು

ಕೈಗಾರಿಕಾ ವಲಯವೊಂದಕ್ಕೆ ಬಂಡವಾಳವನ್ನು ಆಹ್ವಾನಿಸುವಾಗ ನಿವೇಶನದ ದರ, ವಿದ್ಯುತ್ ದರ ಹಾಗೂ ಸಹಾಯಧನದ ಪ್ರಮಾಣ, ಈ ಮೂರನ್ನು ಮುಂದಿಡುವುದು ವಾಡಿಕೆ. ಯಂತ್ರದ ಬಿಡಿಭಾಗ ತಯಾರಿಸುವ ಅಥವಾ ಸಿದ್ಧ ಉಡುಪು ಹೊಲಿಯುವ ಘಟಕಕ್ಕೆ ಈ ಲೆಕ್ಕ ಸಾಕಾಗಬಹುದು. ಮರುಬಳಕೆ ಉದ್ಯಮಕ್ಕೆ ಅದು ಸಾಲದು. ಹಳೆಯ ವಾಹನ ಬಿಚ್ಚುವ, ಲೋಹದ ಚೂರು ಕರಗಿಸುವ ಅಥವಾ ಪ್ಲಾಸ್ಟಿಕ್ ಕಾಳು ತಯಾರಿಸುವ ಉದ್ಯಮಿ ಮೊದಲು ಕೇಳುವ ಪ್ರಶ್ನೆಯೇ ಬೇರೆ: ದಿನಕ್ಕೆ ಎಷ್ಟು ಟನ್ ಸರಕು ಸಿಗುತ್ತದೆ, ಅದು ಯಾವ ದರ್ಜೆಯದು, ಯಾವ ಬಿಲ್ಲಿನ ಮೇಲೆ ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ಊರಿಗೆ ಪುಕ್ಕಟೆ ನಿವೇಶನ ಕೊಟ್ಟರೂ ಆತ ಬರಲಾರ. ಬಂದರೂ ಬಹುಕಾಲ ನಿಲ್ಲಲಾರ.

ಕರ್ನಾಟಕ, ಮಹಾರಾಷ್ಟ್ರ ಮತ್ತು ಗೋವಾ ರಾಜ್ಯಗಳು ಸಂಧಿಸುವ ಬೆಳಗಾವಿ ಗಡಿಭಾಗದ ಕೈಗಾರಿಕಾ ಪ್ರದೇಶಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಉದ್ಯಮಬಾಗ್, ಮಚ್ಛೆ, ಹೊನಗಾ, ಹತ್ತರಗಿ, ಕಣಗಲಾ ಮುಂತಾದ ನೆಲೆಗಳ ಸುತ್ತ ಮರುಬಳಕೆಗೆ ಯೋಗ್ಯವಾದ ಸರಕೂ ಇದೆ, ಅದನ್ನು ಕೊಳ್ಳುವ ಕುಲುಮೆಗಳೂ ಇವೆ. ಆದರೆ ಸರಕು ಮೂರು ರಾಜ್ಯಗಳಲ್ಲಿ ಚದುರಿದೆ, ದರ್ಜೆ ಬೆರೆತಿದೆ, ಬಹುಪಾಲು ವಹಿವಾಟಿಗೆ ಕಾಗದಪತ್ರದ ಬೆಂಬಲವಿಲ್ಲ. ಈ ಕೊರತೆಯನ್ನು ನೀಗಿಸುವ ಕೆಲಸ ಸರಕಾರಕ್ಕಿಂತ ಹೆಚ್ಚಾಗಿ ಸ್ಥಳೀಯ ವರ್ತಕರ ಹಾಗೂ ಸಣ್ಣ ಉತ್ಪಾದಕರ ಕೈಯಲ್ಲಿದೆ.

ಸರಕನ್ನು ಹಿಂಬಾಲಿಸುವ ಉದ್ಯಮ

ದೇಶದ ಅನುಭವ ಇದನ್ನೇ ಹೇಳುತ್ತದೆ. ಗುಜರಾತಿನ ಅಲಂಗ್ ಕರಾವಳಿಯಲ್ಲಿ 1983ರಲ್ಲಿ ಹಡಗು ಒಡೆಯುವ ಕೆಲಸ ಆರಂಭವಾಯಿತು. ಅಲ್ಲಿ ದೊರೆತ ಉಕ್ಕಿನ ಹಲಗೆಗಳನ್ನೇ ನಂಬಿ ಭಾವನಗರ ಜಿಲ್ಲೆಯ ಸಿಹೋರ್ ಸುತ್ತಮುತ್ತ ರೋಲಿಂಗ್ ಮಿಲ್ಲುಗಳು ಬೆಳೆದವು. ಸರಕು ಮುಂದೆ ನಡೆಯಿತು, ಕಾರ್ಖಾನೆ ಅದರ ಹಿಂದೆ ಬಂತು.

ಇದಕ್ಕೆ ವ್ಯತಿರಿಕ್ತವಾದ ಪಾಠವನ್ನು ಅದೇ ರಾಜ್ಯದ ಕಾಂಡ್ಲಾ ಕಲಿಸಿತು. 1965ರಲ್ಲಿ ರಫ್ತು ಸಂಸ್ಕರಣಾ ವಲಯವಾಗಿ ಆರಂಭಗೊಂಡ ಅಲ್ಲಿ ಆಮದು ಪ್ಲಾಸ್ಟಿಕ್ ತ್ಯಾಜ್ಯವನ್ನು ಅವಲಂಬಿಸಿದ ಘಟಕಗಳು ನೆಲೆಯೂರಿದ್ದವು. 2019ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ನಿಯಮ ತಿದ್ದುಪಡಿ ಮಾಡಿ ವಿಶೇಷ ಆರ್ಥಿಕ ವಲಯಗಳಿಗೂ ಸೇರಿದಂತೆ ಘನ ಪ್ಲಾಸ್ಟಿಕ್ ತ್ಯಾಜ್ಯದ ಆಮದನ್ನು ನಿಷೇಧಿಸಿದಾಗ ಅವುಗಳ ಬುಡವೇ ಅಲುಗಾಡಿತು. ದೂರದಿಂದ ತರಿಸುವ ಸರಕನ್ನು ನಂಬಿದ ಘಟಕಕ್ಕೆ ಒಂದು ಅಧಿಸೂಚನೆಯೇ ಸಾಕು. ಸುತ್ತಲಿನ ನೂರು ಮೈಲಿಯೊಳಗೆ ಹುಟ್ಟುವ ಸರಕಿಗೆ ಈ ಅಪಾಯ ಕಡಿಮೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1990ರ ದಶಕದಲ್ಲಿ ರೂಪಿಸಿದ ಯೋಜನೆಯ ಹೆಸರು ‘ಮರುಬಳಕೆ ಮಾರುಕಟ್ಟೆ ಅಭಿವೃದ್ಧಿ ವಲಯ’. ಹೆಸರಿನಲ್ಲಿ ಭೂಮಿಯ ಮಾತಿಲ್ಲ, ಮಾರುಕಟ್ಟೆಯ ಮಾತಿದೆ. ಕಡಿಮೆ ಬಡ್ಡಿಯ ಸಾಲದ ಜೊತೆಗೆ, ಸರಕು ಎಲ್ಲಿ ಸಿಗುತ್ತದೆ ಹಾಗೂ ಉತ್ಪನ್ನವನ್ನು ಯಾರು ಕೊಳ್ಳುತ್ತಾರೆ ಎಂಬುದನ್ನು ಹುಡುಕಿಕೊಡುವುದೂ ವಲಯದ ಆಡಳಿತದ ಕೆಲಸವೆಂದು ಅಲ್ಲಿ ಪರಿಗಣಿಸಲಾಯಿತು.

ಗಡಿಯಲ್ಲಿ ಈಗಾಗಲೇ ಇರುವ ಸಂಪತ್ತು

ಬೆಳಗಾವಿಯ ಮೊದಲ ಮರುಬಳಕೆ ಉದ್ಯಮ ಹೊರಗಿನಿಂದ ಬರಬೇಕಾದುದಲ್ಲ. ಅದು ಇಲ್ಲಿನ ಫೌಂಡ್ರಿಯೇ. ನಗರದ ಎರಕದ ಘಟಕಗಳು ದಶಕಗಳಿಂದ ಗುಜರಿ ಕಬ್ಬಿಣವನ್ನೇ ಕಚ್ಚಾವಸ್ತುವಾಗಿ ಬಳಸುತ್ತಿವೆ. ಸುಮಾರು 110 ಕಿಲೋಮೀಟರ್ ದೂರದ ಕೊಲ್ಹಾಪುರದ ಫೌಂಡ್ರಿಗಳೂ ಅದೇ ಸರಕಿಗಾಗಿ ಮಾರುಕಟ್ಟೆಗೆ ಇಳಿಯುತ್ತವೆ. ಅಂದರೆ ಗುಜರಿ ಸಂಸ್ಕರಿಸುವ ಘಟಕವೊಂದು ಇಲ್ಲಿ ನೆಲೆಸಿದರೆ ಗ್ರಾಹಕರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೇಂದ್ರ ಉಕ್ಕು ಸಚಿವಾಲಯದ 2019ರ ಗುಜರಿ ಮರುಬಳಕೆ ನೀತಿಯ ಪ್ರಕಾರ ಒಂದು ಟನ್ ಗುಜರಿಯ ಬಳಕೆಯಿಂದ ಸುಮಾರು 1.1 ಟನ್ ಕಬ್ಬಿಣದ ಅದಿರು ಹಾಗೂ 630 ಕಿಲೋ ಕೋಕಿಂಗ್ ಕಲ್ಲಿದ್ದಲು ಉಳಿಯುತ್ತದೆ.

ಯಂತ್ರಶಾಲೆಗಳ ಚೂರು ಎರಡನೆಯ ಸಂಪತ್ತು. ಹೈಡ್ರಾಲಿಕ್ಸ್, ವಾಹನ ಬಿಡಿಭಾಗ ಹಾಗೂ ಹತ್ತರಗಿಯ ವಿಮಾನ ಬಿಡಿಭಾಗ ವಲಯದ ಯಂತ್ರಗಳಿಂದ ಬೀಳುವ ಬೋರಿಂಗ್ ಮತ್ತು ಟರ್ನಿಂಗ್ ಚೂರಿನ ಬೆಲೆ ಅದರ ತೂಕಕ್ಕಿಂತ ಶುದ್ಧತೆಯನ್ನು ಅವಲಂಬಿಸಿದೆ. ಒಂದೇ ಮಿಶ್ರಲೋಹದ ಅಲ್ಯುಮಿನಿಯಂ ಚೂರನ್ನು ಪ್ರತ್ಯೇಕ ಡ್ರಮ್ಮಿನಲ್ಲಿಟ್ಟರೆ ಅದು ಮತ್ತೆ ಅದೇ ಮಿಶ್ರಲೋಹವಾಗಬಲ್ಲದು. ಅದಕ್ಕೆ ಒಂದು ಬುಟ್ಟಿ ಬೇರೆ ಲೋಹದ ಚೂರು ಬೆರೆತರೆ ಇಡೀ ಡ್ರಮ್ ಕೆಳದರ್ಜೆಯ ಎರಕದ ಸರಕಾಗಿ ಇಳಿಯುತ್ತದೆ. ಅದಿರಿನಿಂದ ಅಲ್ಯುಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಕೇವಲ ಶೇ. 5ರಷ್ಟರಲ್ಲಿ ಗುಜರಿಯಿಂದ ಅದೇ ಲೋಹ ದೊರೆಯುತ್ತದೆ ಎಂಬುದನ್ನು ನೆನೆದರೆ, ಆ ಒಂದು ಬುಟ್ಟಿಯ ಅಜಾಗ್ರತೆಯ ಬೆಲೆ ಅರ್ಥವಾಗುತ್ತದೆ.

ಬಳಸಿ ಸವೆದ ಕಾರ್ಬೈಡ್ ಇನ್ಸರ್ಟುಗಳನ್ನು ಇತರ ಗುಜರಿಯೊಂದಿಗೆ ಎಸೆಯುವ ಸಣ್ಣ ಯಂತ್ರಶಾಲೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ಅವುಗಳಲ್ಲಿರುವ ಟಂಗ್‌ಸ್ಟನ್, ಕೇಂದ್ರ ಸರಕಾರವು 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿದೆ. ಇಂಥ ಖನಿಜಗಳನ್ನು ತ್ಯಾಜ್ಯದಿಂದ ಮರಳಿ ಪಡೆಯುವ ಉದ್ಯಮಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು 1,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ಇ-ತ್ಯಾಜ್ಯ ಹಾಗೂ ಲಿಥಿಯಂ ಬ್ಯಾಟರಿಗಳು ಈ ಯೋಜನೆಯ ಮುಖ್ಯ ಗುರಿಯಾಗಿದ್ದು, ಮೊತ್ತದ ಮೂರನೆಯ ಒಂದು ಭಾಗ ಸಣ್ಣ ಹಾಗೂ ಹೊಸ ಉದ್ಯಮಗಳಿಗೆ ಮೀಸಲಾಗಿದೆ.

ಮೂರನೆಯದು ಹಳೆಯ ವಾಹನ. 2021ರ ನಿಯಮಗಳ ಪ್ರಕಾರ ನೋಂದಾಯಿತ ವಾಹನ ಗುಜರಿ ಘಟಕವು ದೇಶದ ಯಾವುದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಸ್ವೀಕರಿಸಬಹುದು. ಮೂರು ರಾಜ್ಯಗಳ ವಾಹನಗಳು ಓಡಾಡುವ ಗಡಿಭಾಗಕ್ಕೆ ಇದಕ್ಕಿಂತ ಅನುಕೂಲಕರ ನಿಯಮ ಬೇರೊಂದಿಲ್ಲ. ಕಾಗಲಿನ ಲಾರಿಯೂ ಮಡಗಾಂವಿನ ಕಾರೂ ಇಲ್ಲಿಗೆ ಬರಬಹುದು. 15 ವರ್ಷ ಮೀರಿದ ಸರಕಾರಿ ವಾಹನಗಳನ್ನೂ ಸಾರಿಗೆ ನಿಗಮಗಳ ಬಸ್ಸುಗಳನ್ನೂ 2023ರ ಏಪ್ರಿಲ್ 1ರಿಂದ ಇಂಥ ಘಟಕಗಳ ಮೂಲಕವೇ ಗುಜರಿಗೆ ಹಾಕಬೇಕೆಂಬ ಆದೇಶವು ಸರಕಿನ ಹರಿವಿಗೆ ಒಂದು ಖಾತರಿಯನ್ನು ಒದಗಿಸಿತು.

ನಾಲ್ಕನೆಯದು ಗೋವಾದ ಒಣ ಕಸ. 2016ರಲ್ಲಿ ಸಾಲಿಗಾಂವಿನಲ್ಲಿ ತ್ಯಾಜ್ಯ ಸಂಸ್ಕರಣಾ ಘಟಕ ಆರಂಭಿಸಿದ ಆ ರಾಜ್ಯವು ಮರುಬಳಕೆಯಾಗದ ಪ್ಲಾಸ್ಟಿಕ್ ಮುಂತಾದುವನ್ನು ಬೇಲ್ ಕಟ್ಟಿ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಿಗೆ ಇಂಧನವಾಗಿ ಕಳುಹಿಸುತ್ತ ಬಂದಿದೆ. ಯಾದವಾಡ ಹಾಗೂ ಬಾಗಲಕೋಟೆ ಜಿಲ್ಲೆಯ ಮುದ್ದಾಪುರದಂಥ ಕಡೆ ಸಿಮೆಂಟ್ ಕುಲುಮೆಗಳಿರುವುದು ಮರುಬಳಕೆ ಘಟಕಗಳಿಗೆ ದೊಡ್ಡ ಅನುಕೂಲ. ಯಾವ ಮರುಬಳಕೆ ಘಟಕದಲ್ಲಿಯೂ ಕೊನೆಗೆ ಯಾವುದಕ್ಕೂ ಬಾರದ ಒಂದಿಷ್ಟು ಉಳಿಕೆ ನಿಲ್ಲುತ್ತದೆ. ಅದನ್ನು ಸಾಗಿಸುವ ಜಾಗ ಹತ್ತಿರವಿದ್ದಷ್ಟೂ ಘಟಕದ ಖರ್ಚು ತಗ್ಗುತ್ತದೆ.

ಒಟ್ಟಾಗಿ ಕೆಲಸ ಮಾಡಿದ ಉದಾಹರಣೆಯೂ ಇಲ್ಲಿದೆ. ರಾಳ ಬೆರೆಸಿದ ಫೌಂಡ್ರಿ ಮರಳನ್ನು ಒಮ್ಮೆ ಬಳಸಿ ರಸ್ತೆ ಬದಿಗೆ ಸುರಿಯುವ ಪದ್ಧತಿ ಹಿಂದೆ ವ್ಯಾಪಕವಾಗಿತ್ತು. ಒಬ್ಬೊಬ್ಬ ಮಾಲೀಕನೂ ಪ್ರತ್ಯೇಕವಾಗಿ ಮರಳು ಶುದ್ಧೀಕರಣ ಯಂತ್ರ ಕೊಳ್ಳುವುದು ಅಸಾಧ್ಯವಾಗಿದ್ದುದರಿಂದ ಕೇಂದ್ರದ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯ ನೆರವಿನಲ್ಲಿ ಫೌಂಡ್ರಿ ಕ್ಲಸ್ಟರ್ ರೂಪುಗೊಂಡು ಸಾಮೂಹಿಕ ಮರಳು ಶುದ್ಧೀಕರಣ ಘಟಕ ಸ್ಥಾಪಿತವಾಯಿತು. ಒಬ್ಬನಿಗೆ ಭಾರವಾದುದು ಹತ್ತು ಜನಕ್ಕೆ ಹಗುರವಾಗುತ್ತದೆ ಎಂಬುದನ್ನು ಈ ಪ್ರಯತ್ನ ತೋರಿಸಿಕೊಟ್ಟಿತು.

ಕಾನೂನು ಸೃಷ್ಟಿಸಿದ ಬೇಡಿಕೆ

ಮರುಬಳಕೆಯ ವಸ್ತುವನ್ನು ಕೊಳ್ಳುವುದು ಇದುವರೆಗೆ ತಯಾರಕನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ತತ್ತ್ವ ಇದನ್ನು ಕಡ್ಡಾಯದ ಕಡೆಗೆ ಒಯ್ದಿದೆ. 2022ರ ಪ್ಲಾಸ್ಟಿಕ್ ಮಾರ್ಗಸೂಚಿಯು ಗಟ್ಟಿ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025-26ಕ್ಕೆ ಶೇ. 30ರಷ್ಟು ಮರುಬಳಕೆಯ ವಸ್ತುವಿರಬೇಕೆಂದೂ 2028-29ಕ್ಕೆ ಅದು ಶೇ. 60 ತಲುಪಬೇಕೆಂದೂ ಗುರಿಯಿಟ್ಟಿತು. ಬ್ಯಾಟರಿ, ಟೈರು, ಇ-ತ್ಯಾಜ್ಯ, ಬಳಸಿದ ಎಣ್ಣೆ ಹಾಗೂ ಹಳೆಯ ವಾಹನಗಳಿಗೂ ಪ್ರತ್ಯೇಕ ನಿಯಮಗಳು ಬಂದವು. ತಾಮ್ರ, ಅಲ್ಯುಮಿನಿಯಂ ಮತ್ತು ಸತುವಿನ ಗುಜರಿಗೆ ಸಂಬಂಧಿಸಿದ ನಿಯಮಗಳನ್ನು 2026ರ ಏಪ್ರಿಲ್ 1ರಿಂದ ಜಾರಿಗೊಳಿಸಲು 2025ರಲ್ಲಿ ಅಧಿಸೂಚನೆ ಹೊರಟಿತು.

ಈ ವ್ಯವಸ್ಥೆಯಲ್ಲಿ ನೋಂದಾಯಿತ ಮರುಬಳಕೆದಾರ ತಾನು ಸಂಸ್ಕರಿಸಿದ ಪ್ರಮಾಣಕ್ಕೆ ಪ್ರಮಾಣಪತ್ರ ಪಡೆಯುತ್ತಾನೆ. ತಯಾರಕ ಕಂಪನಿಗಳು ಅದನ್ನು ಹಣ ಕೊಟ್ಟು ಕೊಳ್ಳುತ್ತವೆ. ಆದರೆ ಪ್ರಮಾಣಪತ್ರದ ಆದಾಯವನ್ನೇ ನೆಚ್ಚಿ ಘಟಕ ಕಟ್ಟುವುದು ಜಾಣತನವಲ್ಲ. ಇ-ತ್ಯಾಜ್ಯಕ್ಕೆ ನಿಗದಿಯಾದ ಕನಿಷ್ಠ ದರವನ್ನು ಪ್ರಶ್ನಿಸಿ ಹಲವು ದೊಡ್ಡ ಕಂಪನಿಗಳು 2025ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಪ್ಲಾಸ್ಟಿಕ್ ಕ್ಷೇತ್ರದಲ್ಲಿ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಿಂದ ಗುಜರಾತ್, ಮಹಾರಾಷ್ಟ್ರ ಹಾಗೂ ಕರ್ನಾಟಕದ ನಾಲ್ಕು ಘಟಕಗಳು 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬಯಲಾಯಿತು. ಲೋಹ ಹಾಗೂ ಕಾಳು ಮಾರಿ ಬಂದ ಹಣದಿಂದಲೇ ಘಟಕ ನಡೆಯಬೇಕು. ಪ್ರಮಾಣಪತ್ರದಿಂದ ಬಂದುದು ಮೇಲುಗಳಿಕೆಯೆಂದು ಎಣಿಸಬೇಕು.

ಸಣ್ಣ ಗುಜರಿ ವರ್ತಕರು ಅರಿತಿರಬೇಕಾದ ಇನ್ನೊಂದು ಅಂಶವಿದೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ನೋಂದಣಿಗೆ ಅವಕಾಶವಿರುವುದು ತಯಾರಿಕಾ ಘಟಕ, ಉತ್ಪಾದಕ, ನವೀಕರಣಕಾರ ಹಾಗೂ ಮರುಬಳಕೆದಾರ ಎಂಬ ನಾಲ್ಕು ವರ್ಗಗಳಿಗೆ ಮಾತ್ರ. ಸಂಗ್ರಹಿಸುವವನಿಗಾಗಲಿ ಬಿಚ್ಚುವವನಿಗಾಗಲಿ ಪ್ರತ್ಯೇಕ ವರ್ಗವಿಲ್ಲ. ಆದುದರಿಂದ ಈ ವರ್ತಕರು ನೋಂದಾಯಿತ ಘಟಕದೊಂದಿಗೆ ಲಿಖಿತ ಒಪ್ಪಂದಕ್ಕೆ ಬಾರದೆ ಹೋದರೆ ವ್ಯಾಪಾರ ಕ್ರಮೇಣ ಕೈತಪ್ಪುವ ಅಪಾಯವಿದೆ.

ಗಡಿ ದಾಟುವ ಕಾಗದ

ನಿಪ್ಪಾಣಿಯಿಂದ ಕಾಗಲಿಗೆ ಲಾರಿಯಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಆದರೆ ತೆರಿಗೆಯ ಲೆಕ್ಕದಲ್ಲಿ ಅದು ಬೇರೊಂದು ಲೋಕ. ಸರಕು ಮಾರುವ ವರ್ತಕನಿಗೆ ರಾಜ್ಯದೊಳಗಿನ ವಹಿವಾಟಿನಲ್ಲಿ ವಾರ್ಷಿಕ 40 ಲಕ್ಷ ರೂ. ವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆ. ಅದೇ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಈ ಒಂದು ಗೆರೆಯಿಂದಾಗಿ ಗಡಿಯ ಸಣ್ಣ ವರ್ತಕನ ಸರಕು ಬಿಲ್ಲಿಲ್ಲದ ದಾರಿ ಹಿಡಿಯುತ್ತದೆ. ಬಿಲ್ಲಿಲ್ಲದ ಸರಕನ್ನು ಯಾವ ನೋಂದಾಯಿತ ಮರುಬಳಕೆದಾರನೂ ಲೆಕ್ಕಕ್ಕೆ ತೆಗೆದುಕೊಳ್ಳಲಾರ.

ಲೋಹದ ಗುಜರಿಗೆ 2024ರ ಅಕ್ಟೋಬರ್ 10ರಿಂದ ಎರಡು ಬದಲಾವಣೆಗಳು ಜಾರಿಗೆ ಬಂದವು. ನೋಂದಾಯಿಸದ ವರ್ತಕನಿಂದ ನೋಂದಾಯಿತ ವರ್ತಕ ಕೊಂಡರೆ ತೆರಿಗೆಯನ್ನು ಕೊಂಡವನೇ ಕಟ್ಟಬೇಕು. ಒಂದು ಲಕ್ಷ ರೂ. ಸರಕಿಗೆ ಶೇ. 18ರಂತೆ 18,000 ರೂ.ಗಳನ್ನು ನಗದಾಗಿ ಪಾವತಿಸಿ ನಂತರ ಹೂಡುವಳಿ ತೆರಿಗೆ ಕ್ರೆಡಿಟ್ ಪಡೆಯಬಹುದು. ಎರಡನೆಯದಾಗಿ, ನೋಂದಾಯಿತರ ನಡುವಿನ ವ್ಯವಹಾರದಲ್ಲಿ ಒಪ್ಪಂದದ ಮೊತ್ತ 2.5 ಲಕ್ಷ ರೂ. ಮೀರಿದರೆ ಕೊಂಡವನು ಶೇ. 2ರಷ್ಟನ್ನು ಮೂಲದಲ್ಲಿಯೇ ಕಡಿತಗೊಳಿಸಬೇಕು. 10 ಲಕ್ಷ ರೂ. ಸರಕಿಗೆ 20,000 ರೂ. ಕಡಿತವಾಗಿ ಮಾರಿದವನ ನಗದು ಲೆಡ್ಜರಿಗೆ ಜಮೆಯಾಗುತ್ತದೆ. ತೆಳು ಲಾಭದ ಈ ವ್ಯಾಪಾರದಲ್ಲಿ ಇದು ದುಡಿಯುವ ಬಂಡವಾಳಕ್ಕೆ ಹೊರೆಯೇ ಸರಿ. ಆದರೆ ನಕಲಿ ಬಿಲ್ಲಿನ ಹಾವಳಿಗೆ ಸಿಕ್ಕಿ ನರಳಿದ ಪ್ರಾಮಾಣಿಕ ವರ್ತಕನಿಗೆ ಇದರಿಂದ ರಕ್ಷಣೆಯೂ ಇದೆ.

ಅಪಾಯಕಾರಿ ತ್ಯಾಜ್ಯದ ವಿಷಯದಲ್ಲಿ ಗಡಿಭಾಗದಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿದೆ. 2016ರ ನಿಯಮಗಳ ಪ್ರಕಾರ ಅಂತಿಮ ವಿಲೇವಾರಿಗಾಗಿ ತ್ಯಾಜ್ಯವನ್ನು ಬೇರೆ ರಾಜ್ಯಕ್ಕೆ ಕಳುಹಿಸುವಾಗ ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳಿಂದ ನಿರಾಕ್ಷೇಪಣಾ ಪತ್ರ ಬೇಕು. ಆದರೆ ಮರುಬಳಕೆಗಾಗಿ ಅಥವಾ ಸಿಮೆಂಟ್ ಕುಲುಮೆಯಲ್ಲಿ ಬಳಸಲು ಕಳುಹಿಸುವಾಗ ಎರಡೂ ಮಂಡಳಿಗಳಿಗೆ ಮುಂಚಿತವಾಗಿ ತಿಳಿಸಿದರೆ ಸಾಕು. ನಮೂನೆ 10ರ ಸಾಗಣೆ ಪತ್ರ ಏಳು ಪ್ರತಿಗಳಲ್ಲಿರಬೇಕು. ಅದರಲ್ಲಿ ಬೂದು ಬಣ್ಣದ ಏಳನೆಯ ಪ್ರತಿ ಇರುವುದೇ ಅಂತರರಾಜ್ಯ ಸಾಗಣೆಗಾಗಿ. ಅಂದರೆ ಕಾನೂನು ಗಡಿಯನ್ನು ಮುಚ್ಚಿಲ್ಲ, ಲೆಕ್ಕವನ್ನಷ್ಟೇ ಕೇಳಿದೆ. ಸಂಗ್ರಹದ ಅವಧಿ ಸಾಮಾನ್ಯವಾಗಿ 90 ದಿನ. ವರ್ಷಕ್ಕೆ 10 ಟನ್ ಮೀರದ ಸಣ್ಣ ಘಟಕಗಳಿಗೆ ಮಂಡಳಿ ಅದನ್ನು 180 ದಿನಗಳವರೆಗೆ ವಿಸ್ತರಿಸಬಹುದು.

ಕಸದ ತೊಟ್ಟಿಯಾಗದಂತೆ

ಮರುಬಳಕೆ ಉದ್ಯಮವೆಂದೊಡನೆ ಸುತ್ತಲಿನ ರೈತರಲ್ಲೂ ನಿವಾಸಿಗಳಲ್ಲೂ ಮೂಡುವ ಆತಂಕ ನಿರಾಧಾರವಲ್ಲ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಸರ್ಕಿಟ್ ಬೋರ್ಡುಗಳನ್ನು ಮನೆಮನೆಯಲ್ಲಿ ಸುಟ್ಟು ತಾಮ್ರ ತೆಗೆದ ಪರಿಣಾಮವಾಗಿ ರಾಮಗಂಗಾ ನದಿಯ ದಂಡೆಯಲ್ಲಿ ಕಪ್ಪು ಬೂದಿಯ ರಾಶಿ ಬಿದ್ದು ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಪಂಚಗಂಗೆಯ ಮಾಲಿನ್ಯ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ ಕರ್ನಾಟಕಕ್ಕೆ ಬರುವುದನ್ನು ಗಡಿಯ ಜನ ಕಂಡಿದ್ದಾರೆ. ನೀರಿಗೆ ರಾಜ್ಯದ ಗಡಿಯಿಲ್ಲ. ಸಂಕೇಶ್ವರದ ಸುತ್ತ ಸುರಿದುದು ಹಿರಣ್ಯಕೇಶಿಯ ಮೂಲಕ ಘಟಪ್ರಭೆಯನ್ನು ಸೇರುತ್ತದೆ.

ಬೆಳಗಾವಿಯ ಮಳೆಗಾಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಣ್ಣೆ ಮೆತ್ತಿದ ಚೂರನ್ನು ಬಯಲಿನಲ್ಲಿ ರಾಶಿ ಹಾಕಿದರೆ ಜೂನ್ ತಿಂಗಳ ಮೊದಲ ಮಳೆಗೇ ಕೂಲಂಟ್ ನೀರು ಚರಂಡಿ ಸೇರುತ್ತದೆ. ಮೇಲ್ಛಾವಣಿ, ಕಾಂಕ್ರೀಟ್ ನೆಲ, ಎಣ್ಣೆ ಬಸಿಯುವ ಗುಂಡಿ, ಈ ಮೂರು ಇಲ್ಲದ ಗುಜರಿ ಅಂಗಳಕ್ಕೆ ವಲಯದಲ್ಲಿ ಅವಕಾಶ ಕೊಡದಿರುವುದೇ ಲೇಸು. ಸೀಸದ ಬ್ಯಾಟರಿ ಕರಗಿಸುವ ಘಟಕ ಮಾಲಿನ್ಯ ಮಂಡಳಿಯ ಕೆಂಪು ವರ್ಗಕ್ಕೆ ಸೇರಿದುದು. ಅದನ್ನು ಆಹಾರ ಸಂಸ್ಕರಣಾ ಘಟಕದ ಮಗ್ಗುಲಿಗೆ ಕೂರಿಸುವ ವಲಯಕ್ಕೆ ಒಳ್ಳೆಯ ಮರುಬಳಕೆದಾರನೂ ಬರುವುದಿಲ್ಲ, ಒಳ್ಳೆಯ ಆಹಾರೋದ್ಯಮಿಯೂ ಬರುವುದಿಲ್ಲ. ಸಡಿಲ ನಿಯಮದ ಆಸೆಗೆ ಬರುವವನು ಕಟ್ಟುನಿಟ್ಟಾದ ದಿನವೇ ಗಂಟು ಕಟ್ಟುತ್ತಾನೆ. ಅವನು ಬಿಟ್ಟುಹೋದ ಮಣ್ಣನ್ನು ಶುದ್ಧಗೊಳಿಸುವ ಹೊರೆ ಊರಿನ ಮೇಲೆ ಬೀಳುತ್ತದೆ.

ಮಾಡಬೇಕಾದುದು

ಮೊದಲನೆಯದು ಸರಕಿನ ಗಣತಿ. ಯಾವ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೆ ಯಾವ ಚೂರು, ಯಾವ ಎಣ್ಣೆ, ಯಾವ ಪೊಟ್ಟಣ ಎಷ್ಟು ಬೀಳುತ್ತದೆ ಎಂಬ ಪಟ್ಟಿಯನ್ನು ವಾಣಿಜ್ಯ ಹಾಗೂ ಕೈಗಾರಿಕಾ ಸಂಘಗಳು ಸದಸ್ಯರಿಂದಲೇ ಸಂಗ್ರಹಿಸಬಹುದು. ಹೂಡಿಕೆದಾರನ ಮುಂದಿಡಲು ಇದಕ್ಕಿಂತ ಬಲವಾದ ದಾಖಲೆ ಬೇರಿಲ್ಲ. ಕೊಲ್ಹಾಪುರ ಹಾಗೂ ಗೋವಾದ ಸಂಘಗಳೂ ಕೈಜೋಡಿಸಿದರೆ ಪಟ್ಟಿಯ ತೂಕ ಇಮ್ಮಡಿಯಾಗುತ್ತದೆ.

ಎರಡನೆಯದು ಮೂಲದಲ್ಲಿಯೇ ವಿಂಗಡಣೆ. ಯಂತ್ರದ ಬಳಿ ಲೋಹಕ್ಕೊಂದು ಬಣ್ಣದ ಡ್ರಮ್ ಇಡಲು ಯಾವ ಸಹಾಯಧನವೂ ಬೇಡ.

ಮೂರನೆಯದು ಗುಜರಿ ವರ್ತಕರ ಸಂಘಟನೆ. ಹತ್ತಾರು ವರ್ತಕರು ಸೇರಿ ಒಂದು ನೋಂದಾಯಿತ ಸಂಸ್ಥೆ ಕಟ್ಟಿಕೊಂಡರೆ ಜಿಎಸ್‌ಟಿ, ಇ-ವೇ ಬಿಲ್ಲು ಮತ್ತು ಅಂತರರಾಜ್ಯ ಮಾರಾಟದ ಹೊರೆ ಹಂಚಿಹೋಗುತ್ತದೆ. ತೂಕದ ಸೇತುವೆ ಹಾಗೂ ಲೋಹದ ದರ್ಜೆ ಪರೀಕ್ಷಿಸುವ ಉಪಕರಣವನ್ನು ಸಾಮೂಹಿಕವಾಗಿ ಹೊಂದಬಹುದು. ಮರಳಿನ ವಿಷಯದಲ್ಲಿ ಫೌಂಡ್ರಿಗಳು ಮಾಡಿದ್ದನ್ನು ಗುಜರಿಯಲ್ಲಿ ವರ್ತಕರು ಮಾಡಬಾರದೇಕೆ?

ನಾಲ್ಕನೆಯದಾಗಿ, ವಲಯದೊಳಗೆ ಮರುಬಳಕೆಗೆಂದೇ ಒಂದು ಭಾಗವನ್ನು ಗುರುತಿಸಿ, ಸಾಮೂಹಿಕ ಎಣ್ಣೆ-ನೀರು ಬೇರ್ಪಡಿಸುವ ವ್ಯವಸ್ಥೆ ಹಾಗೂ ಮುಚ್ಚಿದ ಶೆಡ್ಡುಗಳನ್ನು ಹಂಚಿಕೆಗೆ ಮೊದಲೇ ಸಿದ್ಧಪಡಿಸುವಂತೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಒತ್ತಾಯಿಸಬೇಕು. ಬೆಂಗಳೂರಿನಾಚೆಯ ಹೂಡಿಕೆಗೆ ಹೆಚ್ಚಿನ ಒತ್ತು ನೀಡಿ 2025ರಲ್ಲಿ ಪ್ರಕಟವಾದ ರಾಜ್ಯದ ಕೈಗಾರಿಕಾ ನೀತಿಯು ಇಂಥ ಬೇಡಿಕೆಗೆ ಸಕಾಲಿಕ ಆಧಾರವಾಗಿದೆ.

ಗುಜರಿ ಎನ್ನಿ, ಮೋಡಕಾ ಎನ್ನಿ, ಗಡಿಯಾಚೆಯವರಂತೆ ಭಂಗಾರ್ ಎನ್ನಿ, ಸರಕು ಒಂದೇ. ಇಂದು ಅದು ಬೆರಕೆಯಾಗಿ, ಬಿಲ್ಲಿಲ್ಲದೆ, ಕಡಿಮೆ ಬೆಲೆಗೆ ಜಿಲ್ಲೆಯನ್ನು ದಾಟಿಹೋಗುತ್ತಿದೆ. ಅದನ್ನು ವಿಂಗಡಿಸಿ, ತೂಗಿ, ಲೆಕ್ಕವಿಟ್ಟು ಇಲ್ಲಿಯೇ ನಿಲ್ಲಿಸುವ ವರ್ತಕರಿದ್ದರೆ ಕಾರ್ಖಾನೆಯನ್ನು ಹುಡುಕಿಕೊಂಡು ಊರೂರು ಅಲೆಯುವ ಪ್ರಮೇಯ ಬರುವುದಿಲ್ಲ.